ಹಳೆ ಕೋಳಿಗಳ ಜೊತೆ ಹೊಸ ಮರಿ ಬಿಟ್ಟೆ, ತಲೆಯಲ್ಲಿ ರಕ್ತ ಬರೋ ಹಾಗೆ ಕುಕ್ಕಿವೆ. ಏನು ಮಾಡಲಿ?

ಹಿತ್ತಿಲಗೂಡು:
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಲ್ಲಿ ಎರಡು ವರ್ಷದಿಂದ ಏಳು ಕೋಳಿ ಇವೆ. ನಾಲ್ಕು ನಾಟಿ ಹೇಂಟೆ, ಎರಡು ರೋಡ್ ಐಲೆಂಡ್ ರೆಡ್, ಒಂದು ನಾಟಿ ಹುಂಜ. ಇಷ್ಟು ದಿನ ಜಗಳವೇ ಇರಲಿಲ್ಲ. ಮೊನ್ನೆ ಭಾನುವಾರ ಒಂಬತ್ತು ವಾರದ ಐದು ಮರಿ ತಂದೆ. ಮೂರು ಕಪ್ಪು ಕಡಕನಾಥ, ಎರಡು ಬಿಳಿ ಲೆಗ್‌ಹಾರ್ನ್. ಕತ್ತಲಾದ ಮೇಲೆ ಗೂಡಿಗೆ ಬಿಟ್ಟರೆ ಬೆಳಿಗ್ಗೆ ಎಲ್ಲ ಒಂದೇ ಹಿಂಡು ಅಂದುಕೊಳ್ಳುತ್ತವೆ ಅಂತ ಒಬ್ಬರು ಹೇಳಿದ್ದರು. ಹಾಗೇ ಮಾಡಿದೆ.

ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಲೆಗ್‌ಹಾರ್ನ್ ಮರಿ ಮೊಟ್ಟೆ ಇಡೋ ಪೆಟ್ಟಿಗೆಯ ಮೂಲೆಗೆ ತಲೆ ತುರುಕಿಕೊಂಡು ನಿಂತಿತ್ತು. ಎತ್ತಿಕೊಂಡು ನೋಡಿದರೆ ತಲೆಯ ಹಿಂದೆ ಹೆಬ್ಬೆರಳಗಲ ಗರಿಯೇ ಇಲ್ಲ, ಚರ್ಮ ಕಿತ್ತು ರಕ್ತ ಹೆಪ್ಪುಗಟ್ಟಿದೆ. ಕೈಯಲ್ಲಿ ಹಿಡಿದಾಗ ಅದರ ಎದೆ ಡವಡವ ಅನ್ನುತ್ತಿತ್ತು. ಉಳಿದ ನಾಲ್ಕೂ ನೀರಿನ ಹತ್ತಿರಕ್ಕೇ ಬರುತ್ತಿಲ್ಲ. ಕುಕ್ಕೋದರಲ್ಲಿ ಮುಂದಿರೋದು ಕೆಂಪಿ ಅನ್ನೋ ನಾಟಿ ಹೇಂಟೆ. ಕೆಂಪಿಯನ್ನು ಕೊಟ್ಟುಬಿಡಲಾ? ಅಥವಾ ಮರಿಗಳನ್ನೇ ವಾಪಸ್ ಮಾಡಲಾ?

ಗರಿಗೆದರಿ:
ಎರಡೂ ಬೇಡ. ಗಾಯ ಆಗಿರೋ ಮರಿಯನ್ನು ಮೊದಲು ಬೇರೆ ಮಾಡಿ. ಈಗಲೇ. ಕೋಳಿ ಕೆಂಪು ಕಂಡರೆ ಬಿಡೋದೇ ಇಲ್ಲ. ಒಂದು ಕುಕ್ಕಿದ ಜಾಗವನ್ನೇ ಇನ್ನೊಂದು ಹುಡುಕಿಕೊಂಡು ಬಂದು ಕುಕ್ಕುತ್ತೆ. ಸಂಜೆಯೊಳಗೆ ಸತ್ತೇ ಹೋಗಬಹುದು.

ಹಿತ್ತಿಲಗೂಡು:
ಆಗಲೇ ಬೇರೆ ಮಾಡಿದ್ದೀನಿ ಅಕ್ಕಾ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ನೀರು ಕುಡಿಯಿತು.

ಬೆಳಗಿನಕೂಗು:
ಇಷ್ಟಕ್ಕೆಲ್ಲಾ ಗಾಬರಿ ಯಾಕೆ? ನಾನು ಹದಿನೈದು ವರ್ಷದಿಂದ ಸಾಕುತ್ತಿದ್ದೀನಿ. ಹೊಸದು ತಂದ ದಿನವೇ ಬಿಡ್ತೀನಿ. ಎರಡು ದಿನ ಜಗಳ ಆಡ್ತವೆ, ಮೂರನೇ ದಿನ ಒಟ್ಟಿಗೆ ಮಣ್ಣು ಕೆದಕ್ತವೆ. ನಾವು ನಡುವೆ ಬಂದಷ್ಟೂ ಜಗಳ ಮುಗಿಯೋದೇ ಇಲ್ಲ.

ಗರಿಗೆದರಿ:
ನಿಮ್ಮ ಕೋಳಿಗಳು ಇಡೀ ದಿನ ಬಯಲಲ್ಲಿ ಇರ್ತವಾ, ಜಾಲರಿಯೊಳಗಾ?

ಬೆಳಗಿನಕೂಗು:
ಬಯಲಲ್ಲೇ. ರಾತ್ರಿ ಮಾತ್ರ ಗೂಡಿಗೆ.

ಗರಿಗೆದರಿ:
ಹಾಗಾದರೆ ವಿಷಯ ಅಲ್ಲೇ ಇದೆ ಅಣ್ಣಾ. ಏಟು ತಿಂದ ಮರಿಗೆ ಓಡೋಕೆ ಜಾಗ ಇದ್ದರೆ ದೊಡ್ಡ ಕೋಳಿ ಹತ್ತು ಹೆಜ್ಜೆ ಅಟ್ಟಿಸಿ ಸುಮ್ಮನಾಗುತ್ತೆ. ಮರಿ ಸೋತೆ ಅಂತ ಒಪ್ಪಿಕೊಂಡ ಹಾಗೆ. ಮುಚ್ಚಿದ ಗೂಡಲ್ಲಿ ಓಡೋಕೆ ಆಗಲ್ಲ. ಅದು ಎದುರಿಗೇ ನಿಂತಿದ್ದರೆ ದೊಡ್ಡದಕ್ಕೆ ಇದು ಇನ್ನೂ ಸೋತಿಲ್ಲ ಅನ್ನಿಸುತ್ತೆ, ಮತ್ತೆ ಮತ್ತೆ ಕುಕ್ಕುತ್ತೆ. ನಿಮ್ಮ ಹದಿನೈದು ವರ್ಷದ ಅನುಭವ ಸುಳ್ಳಲ್ಲ, ಆದರೆ ಇವರ ಗೂಡಿಗೆ ಅದು ಹೊಂದಲ್ಲ.

ರಾತ್ರಿ ಬಿಡೋ ಉಪಾಯವೂ ಅಷ್ಟೇ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣಲ್ಲ, ಅದಕ್ಕೇ ಸುಮ್ಮನಿರುತ್ತೆ. ಬೆಳಕು ಹರಿದ ತಕ್ಷಣ ಹೊಸಬರು ಯಾರು ಅಂತ ಗೊತ್ತಾಗುತ್ತೆ. ನಾವು ಏಳೋದು ಅದಾದ ಮೇಲೆ. ಮೊದಲೇ ಜಾಲರಿಯಾಚೆಯಿಂದ ಮುಖ ನೋಡಿ ಪರಿಚಯ ಆಗಿದ್ದರೆ ಮಾತ್ರ ರಾತ್ರಿ ಒಳಗೆ ಬಿಡೋದು ಕೆಲಸಕ್ಕೆ ಬರುತ್ತೆ.

ಬೆಳಗಿನಕೂಗು:
ಜಾಗದ ಮಾತು ಒಪ್ಪುತ್ತೀನಿ. ಅದನ್ನು ನಾನು ಯೋಚಿಸಿರಲಿಲ್ಲ.

ಮರಗೆಲಸ:
ಗೂಡು ಎಷ್ಟು ದೊಡ್ಡದು? ದೊಡ್ಡ ಕೋಳಿಗೆ ಒಳಗೆ ತಲಾ 4 ಚದರ ಅಡಿ, ಹೊರಗೆ ಜಾಲರಿ ಅಂಗಳದಲ್ಲಿ ತಲಾ 10 ಚದರ ಅಡಿ ಇದ್ದರೆ ಒಳ್ಳೇದು. ಹನ್ನೆರಡು ಕೋಳಿಗೆ ಒಳಗೆ 48, ಹೊರಗೆ 120. ಕೂರೋ ಅಡ್ಡಗೋಲಿನಲ್ಲಿ ಒಂದೊಂದಕ್ಕೂ 8ರಿಂದ 10 ಇಂಚು. ಮೊಟ್ಟೆ ಪೆಟ್ಟಿಗೆ ನಾಲ್ಕೈದು ಹೇಂಟೆಗೆ ಒಂದಾದರೆ ಸಾಕು. ಹತ್ತು ಇಟ್ಟರೂ ಎಲ್ಲವೂ ಒಂದರಲ್ಲೇ ಹೋಗಿ ಇಡ್ತವೆ.

ಹಿತ್ತಿಲಗೂಡು:
ಒಳಗೆ 5 ಅಡಿಗೆ 6 ಅಡಿ. ಹೊರಗೆ 10ಕ್ಕೆ 10. ಏಳಕ್ಕೆ ಧಾರಾಳವಾಗಿತ್ತು. ಈಗ ಲೆಕ್ಕ ಹಾಕಿದರೆ ಕಮ್ಮಿ ಅಲ್ವಾ?

ಮರಗೆಲಸ:
ಕಮ್ಮಿನೇ. ಹಗಲು ಹೊರಗೆ ಬಿಡ್ತೀರಾದರೆ ನಡೆಯುತ್ತೆ. ಇಲ್ಲಾಂದ್ರೆ ಗೂಡು ದೊಡ್ಡದು ಮಾಡಲೇಬೇಕು.

ಪಶುವೈದ್ಯೆ:
ಒಂದು ಮಾತು ಯಾರೂ ಕೇಳಲಿಲ್ಲ. ಹೊಸ ಮರಿಗಳನ್ನು ಎಷ್ಟು ದಿನ ದೂರ ಇಟ್ಟಿದ್ದಿರಿ?

ಹಿತ್ತಿಲಗೂಡು:
ದೂರ ಇಡಲೇ ಇಲ್ಲ ಮೇಡಂ. ಅವತ್ತೇ ತಂದು ಅವತ್ತೇ ಬಿಟ್ಟೆ. ನೋಡೋಕೆ ಚೆನ್ನಾಗಿದ್ದವು. ಒಂದು ಕಡಕನಾಥ ಮಾತ್ರ ಆಗಾಗ ಸೀನುತ್ತೆ.

ಪಶುವೈದ್ಯೆ:
ಹಾಗಾದರೆ ಕುಕ್ಕೋ ಜಗಳವನ್ನು ಪಕ್ಕಕ್ಕಿಡಿ. ಐದೂ ಮರಿಯನ್ನು ಇವತ್ತೇ ಗೂಡಿನಿಂದ ದೂರ ಒಯ್ಯಿರಿ. ಪಕ್ಕದ ಪಂಜರ ಸಾಲದು. ಗಾಳಿ, ನೀರು, ಹಿಕ್ಕೆ ಯಾವುದೂ ಆ ಕಡೆ ಈ ಕಡೆ ಹೋಗಬಾರದು. 30 ದಿನ ಹಾಗೇ ಇರಲಿ.

ಸೀನು ಅಂದರೆ ಬರೀ ಧೂಳೂ ಇರಬಹುದು, ಮೈಕೋಪ್ಲಾಸ್ಮಾ ಅನ್ನೋ ಉಸಿರಾಟದ ಸೋಂಕು ಇರಬಹುದು, ಕೊರೈಝಾ ಅನ್ನೋ ಕೋಳಿ ನೆಗಡಿನೂ ಇರಬಹುದು. ಕೊರೈಝಾ ಆದರೆ ಮುಖ ಊದುತ್ತೆ, ಮೂಗಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತೆ. ಮೈಕೋಪ್ಲಾಸ್ಮಾ ಒಮ್ಮೆ ಹಿಂಡಿಗೆ ಹೊಕ್ಕರೆ ಔಷಧದಿಂದ ಸೀನು ನಿಲ್ಲಬಹುದು, ರೋಗ ಮಾತ್ರ ಆ ಕೋಳಿಯ ಮೈಯಲ್ಲೇ ಉಳಿದು ಬೇರೆಯವಕ್ಕೆ ಹರಡುತ್ತೆ. ನೋಡೋಕೆ ಚೆನ್ನಾಗಿದೆ ಅನ್ನೋ ಮಾತನ್ನು ನಂಬಬೇಡಿ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟೂ ಮುಚ್ಚಿಡುತ್ತೆ. ತೂಗಡಿಸಿ ಕೂತಿದೆ ಅಂತ ನಮಗೆ ಕಾಣೋ ಹೊತ್ತಿಗೆ ಬಹಳ ದಿನ ಆಗಿರುತ್ತೆ.

ಕೆಲಸ ಮಾಡುವಾಗ ಹಳೆ ಹಿಂಡಿಗೆ ಮೊದಲು, ಹೊಸದಕ್ಕೆ ಆಮೇಲೆ. ಚಪ್ಪಲಿ ಬೇರೆ, ನೀರಿನ ಪಾತ್ರೆ ಬೇರೆ. ಕೈ ತೊಳೆಯಿರಿ. ರಾಣಿಖೇತ್ ಅನ್ನೋ ಅಂಟುರೋಗಕ್ಕೆ ಲಸಿಕೆ ಹಾಕಿಸಿದ್ದಾರಾ ಅಂತ ತಂದ ಕಡೆ ಕೇಳಿ. ಮೊದಲ ವಾರದಲ್ಲಿ ಕಣ್ಣಿಗೆ ಹನಿ, ನಾಲ್ಕನೇ ವಾರದ ಹೊತ್ತಿಗೆ ಇನ್ನೊಂದು ಸಲ, 8ರಿಂದ 10 ವಾರದಲ್ಲಿ ಸೂಜಿ. ಆ ಸೂಜಿಗೆ ನಿಮ್ಮ ಮರಿಗಳ ವಯಸ್ಸು ಈಗಲೇ.

ಹಿತ್ತಿಲಗೂಡು:
ಓದಿ ಹೊಟ್ಟೆ ತೊಳಸಿತು. ಈಗಲೇ ಐದನ್ನೂ ಮನೆಯ ಆ ಕಡೆಯ ಶೆಡ್ಡಿಗೆ ಸಾಗಿಸ್ತೀನಿ.

ನಾಲ್ಕುಹುಂಜ:
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಎಂಟು ವರ್ಷದ ಹಿಂದೆ ನಾನು ಒಂದೇ ಒಂದು ಚಂದದ ಹುಂಜ ತಂದು ಸೀದಾ ಹಿಂಡಿಗೆ ಬಿಟ್ಟಿದ್ದೆ. ಹತ್ತು ದಿನದಲ್ಲಿ ಹದಿನೆಂಟು ಕೋಳಿ ಹೋದವು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿಕೊಂಡು ಬಿದ್ದಿದ್ದವು. ಆ ಗೂಡಿನ ಬಾಗಿಲು ತೆಗೆಯೋಕೇ ಆಮೇಲೆ ಬಹಳ ದಿನ ಮನಸ್ಸಾಗಲಿಲ್ಲ. ಈಗ ಯಾರೇ ಕೋಳಿ ಕೊಟ್ಟರೂ ಒಂದು ತಿಂಗಳು ದೂರ ಇಟ್ಟೇ ಇಡ್ತೀನಿ.

ಹೊಸಬ:
ನಡುವೆ ಒಂದು ಪ್ರಶ್ನೆ. ನನ್ನ ಹತ್ತಿರ ಆರು ಕೋಳಿ ಇವೆ. ಎರಡು ಬಾತುಕೋಳಿನೂ ಅದೇ ಗೂಡಲ್ಲಿ ಸಾಕಬಹುದಾ?

ಬಾತುಪ್ರಿಯ:
ಸಾಕಬಹುದು. ಐದು ವರ್ಷದಿಂದ ನಮ್ಮಲ್ಲಿ ಒಟ್ಟಿಗೇ ಇವೆ. ಒಂದೇ ತೊಂದರೆ ಅಂದರೆ ನೀರು. ಬಾತು ಕುಡಿಯೋಕಿಂತ ಚೆಲ್ಲೋದೇ ಜಾಸ್ತಿ. ಗೂಡೊಳಗೆ ನೀರಿಟ್ಟರೆ ರಾತ್ರಿ ಬೆಳಗಾಗೋದರೊಳಗೆ ನೆಲಕ್ಕೆ ಹಾಸಿದ ಹೊಟ್ಟು ಎಲ್ಲ ಗಂಜಿ ಆಗಿರುತ್ತೆ. ಒದ್ದೆ ಹೊಟ್ಟು ಅಂದರೆ ಕೋಳಿಮರಿಗೆ ಕಾಕ್ಸಿಡಿಯೋಸಿಸ್, ರಕ್ತಭೇದಿ. ನೀರನ್ನು ಹೊರಗೇ ಇಡಿ. ಮೂಗು ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ಪಾತ್ರೆ ಬಾತಿಗೆ ಬೇಕೇ ಬೇಕು.

ಇನ್ನೊಂದು, ಬಾತುಮರಿಗೆ ನಯಾಸಿನ್ ಅನ್ನೋ ಬಿ ವಿಟಮಿನ್ ಜಾಸ್ತಿ ಬೇಕು. ಬರೀ ಕೋಳಿಮರಿ ಆಹಾರ ತಿಂದರೆ ಕೆಲವಕ್ಕೆ ಕಾಲು ಸೊಟ್ಟಗಾಗುತ್ತೆ. ಯೀಸ್ಟ್ ಪುಡಿ ಸ್ವಲ್ಪ ಬೆರೆಸಿದರೆ ಸರಿಹೋಗುತ್ತೆ.

ಕಾವುಗೋಳಿ:
ಒಪ್ಪಲ್ಲ ನಾನು. ಗಂಡು ಬಾತಿನ ವಿಷಯ ಬಿಟ್ಟುಬಿಟ್ಟಿರಲ್ಲ! ಗಂಡು ಬಾತು ಹೇಂಟೆಯ ಮೇಲೆ ಹತ್ತುತ್ತೆ. ಹುಂಜಕ್ಕೆ ಇಲ್ಲದ ಅಂಗ ಬಾತಿಗಿದೆ. ಹೇಂಟೆಯ ಮೈ ಅದಕ್ಕೆ ಹೊಂದಲ್ಲ, ಒಳಗೆ ಹರಿದುಹೋಗುತ್ತೆ. ನನ್ನ ಒಂದು ಒಳ್ಳೆ ಹೇಂಟೆ ಹಾಗೇ ಸತ್ತಿತು. ಹೆಣ್ಣು ಬಾತು ಎರಡಾದರೆ ಸರಿ, ಗಂಡಿದ್ದರೆ ಬೇರೆ ಗೂಡು.

ಬಾತುಪ್ರಿಯ:
ನಮ್ಮ ಗಂಡು ಬಾತಿನ ಜೊತೆ ಐದು ಹೆಣ್ಣು ಬಾತಿವೆ, ಅದು ಕೋಳಿ ಕಡೆ ತಿರುಗಿಯೂ ನೋಡಲ್ಲ. ಆದರೆ ಒಂದು ಗಂಡು, ಒಂದು ಹೆಣ್ಣು ಅಂತ ಇಟ್ಟವರಿಗೆ ನೀವು ಹೇಳೋ ತೊಂದರೆ ಆಗೋದು ನಾನೂ ನೋಡಿದ್ದೀನಿ. ಹೊಸಬರು ಹೆಣ್ಣನ್ನೇ ತರಲಿ.

ಗಿನಿಗಲಾಟೆ:
ಗಿನಿ ಕೋಳಿಯನ್ನೂ ಸೇರಿಸಿ, ಹಾವು ಕಂಡರೆ ಊರಿಗೇ ಕೇಳೋ ಹಾಗೆ ಕೂಗ್ತವೆ.

ಗರಿಗೆದರಿ:
ಕೂಗ್ತವೆ, ಸರಿ. ತಟ್ಟೆಯ ಹತ್ತಿರ ಕೋಳಿಗಳನ್ನು ಓಡಿಸೋದೂ ಅವೇ. ಹೊಸಬರಿಗೆ ಈಗಲೇ ಬೇಡ. ಟರ್ಕಿ ಅಂತೂ ಬೇಡವೇ ಬೇಡ. ಕೋಳಿಯ ಕರುಳಿನ ಹುಳದ ಮೊಟ್ಟೆಯಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ರೋಗ ಬರುತ್ತೆ. ಕೋಳಿಗೆ ಹೆಚ್ಚೇನೂ ಆಗಲ್ಲ, ಟರ್ಕಿ ಸಾಯುತ್ತೆ. ಮೂಲ ಪ್ರಶ್ನೆಗೆ ಬರೋಣ.

ಪಶುವೈದ್ಯೆ:
ಹಿತ್ತಿಲಗೂಡು ಅವರೇ, ಆಹಾರ ಏನು ಹಾಕ್ತಿದ್ದೀರಿ?

ಹಿತ್ತಿಲಗೂಡು:
ಎಲ್ಲಕ್ಕೂ ಮೊಟ್ಟೆ ಕೋಳಿಯ ಲೇಯರ್ ಆಹಾರ, ಜೊತೆಗೆ ಒಂದಿಷ್ಟು ಮೆಕ್ಕೆಜೋಳದ ನುಚ್ಚು.

ಪಶುವೈದ್ಯೆ:
ಮರಿಗಳಿಗೆ ಲೇಯರ್ ನಿಲ್ಲಿಸಿ. ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4 ಇರುತ್ತೆ. ಮೊಟ್ಟೆ ಇಡೋ ಹೇಂಟೆಗೆ ಅದು ಚಿಪ್ಪಿಗೆ ಹೋಗುತ್ತೆ. ಮರಿಗೆ ಶೇ. 1ರ ಆಸುಪಾಸು ಸಾಕು. ಹೆಚ್ಚಿದ್ದು ಮೂತ್ರಪಿಂಡಕ್ಕೆ ಏಟು ಕೊಡುತ್ತೆ, ವಾರಗಟ್ಟಲೆ ತಿಂದರೆ ಒಳಗೇ ಸುಣ್ಣ ಕಟ್ಟುತ್ತೆ.

ಮುಂದೆ ಹಿಂಡು ಒಂದಾದಾಗ ಎರಡು ತಟ್ಟೆ ಇಟ್ಟು ಇದು ನಿನಗೆ, ಅದು ಅವನಿಗೆ ಅಂದರೆ ಕೋಳಿ ಕೇಳಲ್ಲ. ಆಗ ಎಲ್ಲಕ್ಕೂ ಬೆಳೆಯೋ ಕೋಳಿಗೆ ಹಾಕೋ ಗ್ರೋವರ್ ಆಹಾರ ಹಾಕಿ, ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆ ಇಡೋ ಹೇಂಟೆ ತನಗೆ ಬೇಕಾದಷ್ಟು ತಾನೇ ಬಂದು ತಿನ್ನುತ್ತೆ. ಮರಿ, ಹುಂಜ ಅದನ್ನು ಹೆಚ್ಚು ಮುಟ್ಟಲ್ಲ. ಬೇರೆ ಬೇರೆ ವಯಸ್ಸಿನ ಹಿಂಡಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ನುಚ್ಚು ಸಂಜೆ ಒಂದು ಹಿಡಿ ಸಾಕು. ಹೊಟ್ಟೆ ತುಂಬುತ್ತೆ, ಸಾಕಷ್ಟು ಪ್ರೋಟೀನ್ ಸಿಗಲ್ಲ. ಪ್ರೋಟೀನ್ ಕಮ್ಮಿ ಆದ ಹಿಂಡು ಗರಿ ಕಿತ್ತು ತಿನ್ನೋದು ಜಾಸ್ತಿ.

ಬೆಳಗಿನಕೂಗು:
ಚಿಪ್ಪು ಯಾಕೆ ಕೊಳ್ಳಬೇಕು? ಅದೇ ಕೋಳಿಯ ಮೊಟ್ಟೆ ಸಿಪ್ಪೆ ಹಾಕಿ.

ನಾಲ್ಕುಹುಂಜ:
ಮೊಟ್ಟೆ ಸಿಪ್ಪೆ ಹಾಕಿದರೆ ಮೊಟ್ಟೆ ಒಡೆದು ತಿನ್ನೋ ಚಟ ಹತ್ತುತ್ತೆ!

ಬೆಳಗಿನಕೂಗು:
ಅರ್ಧ ಮೊಟ್ಟೆ ಆಕಾರದಲ್ಲೇ ಎಸೆದರೆ ಹತ್ತುತ್ತೆ. ಚೆನ್ನಾಗಿ ಒಣಗಿಸಿ, ಹುರಿದು, ಪುಡಿ ಮಾಡಿ ಹಾಕಿದರೆ ಅದಕ್ಕೆ ಮೊಟ್ಟೆ ಅಂತ ಗೊತ್ತೇ ಆಗಲ್ಲ. ಹದಿನೈದು ವರ್ಷದಿಂದ ಹಾಕ್ತಿದ್ದೀನಿ, ಒಂದೂ ಮೊಟ್ಟೆ ಒಡೆದಿಲ್ಲ.

ಪಶುವೈದ್ಯೆ:
ಈ ವಿಷಯದಲ್ಲಿ ನಾನು ಬೆಳಗಿನಕೂಗು ಅವರ ಕಡೆ. ಪುಡಿ ತೀರಾ ನುಣ್ಣಗೆ ಬೇಡ, ಚೂರು ಚೂರಾಗಿರಲಿ.

ಕಾವುಗೋಳಿ:
ನಾನು ಹೊಸ ಮರಿ ಸೇರಿಸೋದು ಕಾವಿಗೆ ಕೂತ ಹೇಂಟೆಯ ಕೆಳಗೆ. ಕಾವು ಕೂತು ಮೂರು ವಾರ ಆದಾಗ ರಾತ್ರಿ ಒಂದು ದಿನದ ಮರಿಗಳನ್ನು ಅದರ ಹೊಟ್ಟೆಯ ಕೆಳಗೆ ಮೆಲ್ಲಗೆ ಜಾರಿಸಿಬಿಡಬೇಕು. ಬೆಳಿಗ್ಗೆ ಅದಕ್ಕೆ ಅವು ತನ್ನವೇ. ಹಿಂಡಿಗೆ ಪರಿಚಯ ಮಾಡಿಸೋದು, ಕಾಯೋದು, ಕಾಳು ಕೆದಕೋದು ಕಲಿಸೋದು ಎಲ್ಲಾ ಅಮ್ಮನ ಕೆಲಸ. ಕೆಂಪಿಯಂಥವಳು ಹತ್ತಿರ ಬಂದರೆ ಅಮ್ಮ ಗರಿ ಉಬ್ಬಿಸಿಕೊಂಡು ಮೇಲೆ ಎಗರುತ್ತೆ. ನಾಟಿ ಮತ್ತು ಅಸೀಲ್ ಹೇಂಟೆ ಇದಕ್ಕೆ ಚಿನ್ನದಂಥವು. ಲೆಗ್‌ಹಾರ್ನ್ ಕಾವಿಗೆ ಕೂರೋದು ಬಹಳ ಅಪರೂಪ.

ಹಿತ್ತಿಲಗೂಡು:
ನನ್ನ ಮರಿಗಳಿಗೆ ಒಂಬತ್ತು ವಾರ ಆಗಿಹೋಗಿದೆ ಅಕ್ಕಾ.

ಕಾವುಗೋಳಿ:
ಹೌದು, ಇವಕ್ಕೆ ಆಗಲ್ಲ. ಮುಂದಿನ ಸಲಕ್ಕೆ ನೆನಪಿರಲಿ.

ಗರಿಗೆದರಿ:
ಇವಕ್ಕೆ ಹೀಗೆ ಮಾಡಿ. ತಿಂಗಳು ಕಳೆದ ಮೇಲೆ ಅಂಗಳದಲ್ಲಿ ಜಾಲರಿ ಅಡ್ಡ ಹಾಕಿ ಎರಡು ಭಾಗ ಮಾಡಿ. ಒಂದರಲ್ಲಿ ಹಳೆಯವು, ಇನ್ನೊಂದರಲ್ಲಿ ಹೊಸವು. ನೋಡಬಹುದು, ಮುಟ್ಟೋಕೆ ಆಗಬಾರದು. ಎರಡೂ ಕಡೆಯ ಆಹಾರದ ತಟ್ಟೆಯನ್ನು ಜಾಲರಿಗೆ ಒತ್ತಿ ಇಡಿ, ಎದುರುಬದುರು ನಿಂತು ತಿನ್ನಲಿ. ಹತ್ತರಿಂದ ಹದಿನಾಲ್ಕು ದಿನ ಹೀಗೇ ಇರಲಿ. ಮೊದಮೊದಲು ಕೆಂಪಿ ಜಾಲರಿಗೆ ಬಂದು ಗುದ್ದುತ್ತೆ. ಅವಳು ಅತ್ತ ನೋಡದೆ ತನ್ನ ಪಾಡಿಗೆ ತಿನ್ನೋಕೆ ಶುರು ಮಾಡಿದ ದಿನ ಜಾಲರಿ ತೆಗೆಯೋ ಹೊತ್ತು ಹತ್ತಿರ ಬಂತು ಅಂತ ಲೆಕ್ಕ.

ಆ ಹೊತ್ತಿಗೆ ಮರಿಗಳೂ ಹೆಚ್ಚುಕಮ್ಮಿ ದೊಡ್ಡವರ ಎತ್ತರಕ್ಕೆ ಬಂದಿರ್ತವೆ. ಒಂದನ್ನೇ ಯಾವತ್ತೂ ಬಿಡಬೇಡಿ, ಐದನ್ನೂ ಒಟ್ಟಿಗೆ ಬಿಡಿ. ಏಟು ಹಂಚಿಹೋಗುತ್ತೆ. ತಟ್ಟೆ, ನೀರು ಎರಡೆರಡು ಕಡೆ ಇರಲಿ, ಒಂದು ಕಡೆ ನಿಂತರೆ ಇನ್ನೊಂದು ಕಾಣಬಾರದು.

ಮರಗೆಲಸ:
ಜೊತೆಗೆ ಒಂದು ನುಸುಳುಗಂಡಿ ಮಾಡಿ. ಹಲಗೆಯಲ್ಲಿ ಮರಿ ತೂರುವಷ್ಟು, ದೊಡ್ಡದಕ್ಕೆ ಆಗದಷ್ಟು ಸಂದು ಕೊಯ್ದು, ಹಿಂದೆ ಮರಿಗಳಿಗೇ ಅಂತ ಜಾಗ ಬಿಡಿ. ಸಣ್ಣ ಸಂದಿನಿಂದ ಶುರು ಮಾಡಿ, ಮರಿ ಬೆಳೆದ ಹಾಗೆ ಅಗಲ ಮಾಡಿ. ಹಾಗೇ ಅಂಗಳದಲ್ಲಿ ಒಂದು ಹಳೆ ಮರದ ಬೊಡ್ಡೆ, ಓರೆಯಾಗಿ ಒರಗಿಸಿದ ಹಲಗೆ ಇಡಿ. ಕಣ್ಣಿಗೆ ಮರೆಯಾದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತೆ. ಜಾಲರಿ ಅರ್ಧ ಇಂಚಿನ ಗಟ್ಟಿ ತಂತಿಯದ್ದಾಗಿರಲಿ. ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತೆ ಅಷ್ಟೇ. ನಾಯಿ ಹರಿಯುತ್ತೆ, ಮುಂಗುಸಿ ಮರಿ ತೂರುತ್ತೆ.

ಹೊಸಬ:
ಕೋಳಿಗಳಿಗೆ ಯಾರು ಮೇಲು ಯಾರು ಕೆಳಗೆ ಅಂತ ನಿಜವಾಗ್ಲೂ ನೆನಪಿರುತ್ತಾ?

ನಾಲ್ಕುಹುಂಜ:
ಇರುತ್ತೆ. ಇದನ್ನು ಮೊದಲು ಕೂತು ಲೆಕ್ಕ ಇಟ್ಟು ನೋಡಿದವರು ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ. ಚಿಕ್ಕ ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡ್ತಾ ಯಾರು ಯಾರನ್ನು ಕುಕ್ಕಿದರು ಅಂತ ಬರೆದಿಡುತ್ತಿದ್ದರು. 1921ರಲ್ಲಿ ಅದನ್ನೇ ಪ್ರಬಂಧ ಮಾಡಿದರು. ಮೇಲಿನದು ಕೆಳಗಿನದನ್ನು ಕುಕ್ಕುತ್ತೆ, ಕೆಳಗಿನದು ತಿರುಗಿ ಕುಕ್ಕಲ್ಲ. ಹೊಸ ಕೋಳಿ ಬಂದರೆ ಈ ಸಾಲು ಪೂರ್ತಿ ಕಲಕುತ್ತೆ. ಅದಕ್ಕೇ ಇಷ್ಟು ಗಲಾಟೆ.

ಇದೇ ಗುಣ ನಮ್ಮ ಉಪಯೋಗಕ್ಕೂ ಬರುತ್ತೆ. ಮರಿಗಳನ್ನು ಬಿಟ್ಟ ಮೇಲೂ ಕೆಂಪಿ ಬಿಡದಿದ್ದರೆ ಅವಳನ್ನೇ ಮೂರ್ನಾಲ್ಕು ದಿನ ಹೊರಗಿಡಿ, ಹಿಂಡು ಕಣ್ಣಿಗೆ ಬೀಳದ ಕಡೆ. ವಾಪಸ್ ಬಂದಾಗ ಅವಳೇ ಹೊಸಬಳ ಹಾಗೆ ಆಗಿರ್ತಾಳೆ.

ಹಿತ್ತಿಲಗೂಡು:
ಹಾಗಾದರೆ ಕೆಂಪಿಯನ್ನು ಕೊಡಬೇಕಾಗಿಲ್ಲ! ಅವಳು ನನ್ನ ಮೊದಲ ಕೋಳಿ. ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಗೊತ್ತಾ?

ಇನ್ನೊಂದು ಕೇಳಬೇಕು. ಮುಂದೆ ಕಡಕನಾಥದ ಮರಿ ಮಾಡಿಸಬೇಕು ಅಂತ ಆಸೆ. ನಮ್ಮ ಹುಂಜ ನಾಟಿ. ಆಗುತ್ತಾ?

ಕಾವುಗೋಳಿ:
ಶುದ್ಧ ತಳಿ ಬೇಕಾದರೆ ಕಡಕನಾಥ ಹುಂಜವೇ ಬೇಕು. ನಾಟಿ ಹುಂಜದಿಂದ ಬೇರೆ ಮಾಡಿದ ಮೇಲೂ ಮೂರ್ನಾಲ್ಕು ವಾರ ಮೊಟ್ಟೆ ಕಾವಿಗೆ ಇಡಬೇಡಿ, ಹಳೆ ಹುಂಜದ ಬೀಜ ಹೇಂಟೆಯ ಮೈಯಲ್ಲಿ ಅಷ್ಟು ದಿನ ಉಳಿಯಬಹುದು. ಮರಿ ಕಪ್ಪಗಿದ್ದ ಮಾತ್ರಕ್ಕೆ ಶುದ್ಧ ಅಂದುಕೊಳ್ಳಬೇಡಿ. ಬೆರಕೆಯಲ್ಲೂ ಕಪ್ಪು ಚರ್ಮ ಬರುತ್ತೆ. ಎಷ್ಟೋ ಜನ ಹೀಗೇ ಮೋಸ ಹೋಗಿದ್ದಾರೆ.

ನಾಲ್ಕುಹುಂಜ:
ಆದರೆ ಹುಂಜದ ಲೆಕ್ಕ ನೋಡಿಕೊಳ್ಳಿ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಬೇಕು. ಕಮ್ಮಿ ಆದರೆ ಹೇಂಟೆಗಳ ಬೆನ್ನಿನ ಗರಿಯೆಲ್ಲ ಕಿತ್ತುಹೋಗುತ್ತೆ.

(ಏಳು ವಾರದ ನಂತರ)

ಹಿತ್ತಿಲಗೂಡು:
ಎಲ್ಲರಿಗೂ ಹೇಳಲೇಬೇಕು ಅನ್ನಿಸಿ ಬಂದೆ. ಸೀನು ಕಾಯಿಲೆ ಆಗಿರಲಿಲ್ಲ. ಡಾಕ್ಟರಿಗೆ ತೋರಿಸಿದೆ, ಕಣ್ಣು ಮೂಗು ಸ್ವಚ್ಛ ಇದೆ ಅಂದರು. ಗೂಡಿನ ಹಾಗೇ ಶೆಡ್ಡಿನಲ್ಲೂ ಹಾಕಿದ್ದ ನುಣ್ಣನೆಯ ಮರದಪುಡಿ ತೆಗೆದು ದಪ್ಪ ಹೊಟ್ಟು ಹಾಕಿದೆ, ನಾಲ್ಕು ದಿನದಲ್ಲಿ ನಿಂತಿತು. ಆದರೂ 30 ದಿನ ಪೂರ್ತಿ ದೂರವೇ ಇಟ್ಟೆ. ರಾಣಿಖೇತ್ ಸೂಜಿನೂ ಆಯಿತು.

ಆಮೇಲೆ ಹನ್ನೆರಡು ದಿನ ಜಾಲರಿ. ಕೆಂಪಿ ಮೊದಲ ಮೂರು ದಿನ ಗುದ್ದಿ ಗುದ್ದಿ ಕೊಕ್ಕಿನ ತುದಿ ಮಣ್ಣು ಮಾಡಿಕೊಂಡಳು. ಏಳನೇ ದಿನ ಅವಳೂ ಲೆಗ್‌ಹಾರ್ನ್ ಮರಿಯೂ ಜಾಲರಿಯ ಎರಡು ಕಡೆ ಒಂದೇ ಗುಳಿಯಲ್ಲಿ ಹೊರಳಾಡುತ್ತಿದ್ದವು! ಬಿಟ್ಟ ದಿನ ಸ್ವಲ್ಪ ಅಟ್ಟಾಡಿಸಿದಳು. ಮೂರು ದಿನ ಶೆಡ್ಡಿನಲ್ಲಿ ಇಟ್ಟು ತಂದೆ. ಈಗ ತಟ್ಟೆಯ ಹತ್ತಿರ ಒಂದೆರಡು ಸಲ ಕುಕ್ಕುತ್ತಾಳೆ ಅಷ್ಟೇ. ಗೂಡನ್ನು ಇನ್ನೂ ಮೂರು ಅಡಿ ಉದ್ದ ಮಾಡಿಸಿದೆ, ಹಗಲೆಲ್ಲ ಹೊರಗೆ ಬಿಡ್ತೀನಿ.

ಗಾಯ ಆಗಿದ್ದ ಮರಿಯ ತಲೆಯಲ್ಲಿ ಹೊಸ ಗರಿ ತುಂಬಿದೆ. ಮೊದಲು ಬಿಳಿ ಸೂಜಿಮೊನೆ ಥರ ಬಂದವು, ಆಮೇಲೆ ಒಂದೊಂದೇ ಬಿಚ್ಚಿಕೊಂಡವು. ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದರೆ ಅಡ್ಡಗೋಲಿನ ಮೇಲೆ ನಮ್ಮ ಹುಂಜದ ರೆಕ್ಕೆಗೆ ಒರಗಿ ಮಲಗಿತ್ತು.

ಗರಿಗೆದರಿ:
ಓದಿ ಕಣ್ಣು ತುಂಬಿತು. ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ.

ಬೆಳಗಿನಕೂಗು:
ಶಭಾಷ್. ನಾನೂ ಈ ಸಲ ತಂದ ನಾಲ್ಕನ್ನು ದೂರ ಇಟ್ಟಿದ್ದೀನಿ. ಇವತ್ತಿಗೆ ಹನ್ನೊಂದು ದಿನ.

ಹಿತ್ತಿಲಗೂಡು:
ಒಂದೇ ಒಂದು ವಿಷಯ ಬಾಕಿ ಇದೆ. ಇವತ್ತು ಬೆಳಿಗ್ಗೆ ಹಿತ್ತಿಲಿಂದ ಗಂಟಲು ಕಟ್ಟಿದ ಹಾಗೆ ಒಂದು ಕೂಗು ಕೇಳಿಸಿತು. ನಮ್ಮ ಹುಂಜದ್ದಲ್ಲ. ಹೋಗಿ ನೋಡಿದರೆ ದೊಡ್ಡ ಕಡಕನಾಥ ಕಲ್ಲಿನ ಮೇಲೆ ಕತ್ತು ಚಾಚಿಕೊಂಡು ನಿಂತಿದೆ. ಸೊಂಟದ ಹತ್ತಿರ ಗರಿ ಉದ್ದಕ್ಕೆ, ಚೂಪಾಗಿ ಇಳಿಬಿದ್ದಿವೆ.

ನಾಲ್ಕುಹುಂಜ:
ಹುಂಜವೇ. ಉಳಿದೆರಡು ಕಡಕನಾಥದ ಸೊಂಟದ ಗರಿ ದುಂಡಗಿದೆಯಾ, ಚೂಪಗಿದೆಯಾ ನೋಡಿ ಹೇಳಿ.